ಐನೂರಕ್ಕೆ ಮೂವತ್ತೆಂಟು ಕಡಿಮೆ

ಕರಾರಪ್ಪನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ, ಮದುವೆಯ ನೋಂದಣಿ ಪುಸ್ತಕದಲ್ಲಿ, ಹೀಗೆ ಎರಡೇ ಕಡೆ ಉಳಿದಿತ್ತು. ಮಿಕ್ಕ ಲೋಕಕ್ಕೆಲ್ಲ ಆತ ಕರಾರಪ್ಪ. ಮಾತು ಮಾತಿಗೂ 'ಕರಾರುವಾಕ್ಕಾಗಿ ಹೇಳಬೇಕೂಂದ್ರೆ' ಎಂದು ಶುರು ಮಾಡುವುದು ಆತನ ಚಟ. ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ, "ಕರಾರುವಾಕ್ಕಾಗಿ ಹೇಳಬೇಕೂಂದ್ರೆ, ಒಂಬತ್ತೂ ಹದಿನೇಳು" ಎನ್ನುತ್ತಿದ್ದ. ಕೇಳಿದವನು ಓಡಿ ಹೋಗಿ ನೋಡಿದರೆ ಹತ್ತೂವರೆಯ ಬಸ್ಸೂ ಹೊರಟುಹೋಗಿರುತ್ತಿತ್ತು.

ಇಂಥ ಮನುಷ್ಯ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದದ್ದು ಸಮಾಧಿ ಕಲ್ಲು ಕೆತ್ತುವ ಕಾರ್ಖಾನೆಯಲ್ಲಿ. ಕಿಟಕಿಯಾಚೆ ಅಂಗಳದ ತುಂಬ ಹೆಸರಿಲ್ಲದ ಕಲ್ಲುಗಳು ಸಾಲಾಗಿ ನಿಂತು ಯಾರಿಗೋ ಕಾಯುತ್ತಿದ್ದವು. ಉಳಿಯ ಸದ್ದಿಗೆ ಮೇಜು ನಡುಗುತ್ತಿತ್ತು. ಚಹಾದ ಮೇಲೆ ಕೆನೆಗಿಂತ ಮೊದಲು ಕಲ್ಲಿನ ಪುಡಿ ಕಟ್ಟುತ್ತಿತ್ತು. ಬಂದವರಿಂದ ಹೆಸರು, ವಯಸ್ಸು, ತಾರೀಖು ಕೇಳಿ ಚೀಟಿ ಬರೆದು ಕೆತ್ತುವವನಿಗೆ ಕೊಡುವುದು ಕರಾರಪ್ಪನ ಕೆಲಸ. ಕೆತ್ತುವವನು ಚೀಟಿಯಲ್ಲಿದ್ದದ್ದನ್ನು ಕಣ್ಣು ಮುಚ್ಚಿ ಕೆತ್ತುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ, ಆಕಾರ ಬರುತ್ತಿತ್ತು.

ಮೂರು ವರ್ಷದ ಹಿಂದೆ ಕರಾರಪ್ಪನ ಅತ್ತೆ ತೀರಿಕೊಂಡರು. ಕಲ್ಲಿನ ಹೊಣೆ ಅಳಿಯನದೇ ಆಯಿತು. ಎಪ್ಪತ್ತಾರು ಎಂದು ಬರೆಯಬೇಕಾದ ಕಡೆ ಚೀಟಿಯಲ್ಲಿ ಅರವತ್ತೇಳು ಎಂದು ಬಿತ್ತು. ಕಾಗದದ ಮೇಲಾದರೆ ರಬ್ಬರು ನಡೆಯುತ್ತದೆ. ಕಲ್ಲಿನ ಮೇಲೆ ನಡೆಯುವುದಿಲ್ಲ. ಹೆಂಡತಿಯ ಅಣ್ಣ, ದೂರದ ಊರಿನಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದ ಭಾವ, ಕಲ್ಲಿನ ಮೇಲಿನ ಅಂಕಿಯ ಮೇಲೆ ಬೆರಳಿಟ್ಟು ಹೇಳಿದ: "ನಮ್ಮಮ್ಮ ಬದುಕಿದ ಒಂಬತ್ತು ವರ್ಷ ನುಂಗಿ ಹಾಕಿದ್ಯಲ್ಲೋ."

"ಕೈತಪ್ಪು ಅಣ್ಣ, ಬಿಡು," ಎಂದಳು ಹೆಂಡತಿ.

"ಅಂದ್ರೆ ಅಮ್ಮನಿಗಿಂತ ಇವನು ಹೆಚ್ಚಾದ ನಿನಗೆ," ಎಂದವನೇ ಭಾವ ಅಂದಿನ ಬಸ್ಸಿಗೇ ಹೊರಟುಹೋದ. ಆಮೇಲೆ ಅಲ್ಲಿಂದ ಕಾಗದವಿಲ್ಲ, ಇಲ್ಲಿಂದ ಕಾಗದವಿಲ್ಲ.

ಈಗ ಕಥೆಗೆ ಬರೋಣ. ಕಾರ್ಖಾನೆಗೆ ವ್ಯಾಪಾರ ಕಡಿಮೆಯಾಯಿತು. ಜನ ಸಾಯುವುದನ್ನೇನೂ ಬಿಟ್ಟಿರಲಿಲ್ಲ. ಕಲ್ಲು ಹಾಕಿಸುವುದನ್ನು ಮುಂದೂಡುತ್ತಿದ್ದರು. ಯಜಮಾನರು ಯೋಚಿಸಿ, ಹಿಂದಿನ ವರ್ಷದ ಪತ್ರಿಕೆಗಳಲ್ಲಿ ಬಂದ ಮರಣ ಪ್ರಕಟಣೆ ನೋಡಿ ಆಯಾ ಮನೆಯವರಿಗೆ ಒಂದೊಂದು ಕಾಗದ ಹಾಕಬೇಕೆಂದರು. ವಿಳಾಸದ ಪಟ್ಟಿ ಕರಾರಪ್ಪ ಮಾಡಿದ.

"ಎಷ್ಟಾಯ್ತು?"

"ಕರಾರುವಾಕ್ಕಾಗಿ ಐನೂರು ಸ್ವಾಮಿ. ಐನೂರಿದ್ರೆ ಒಂದೊಂದಕ್ಕೂ ಅಂಚೆಚೀಟಿ ನೆಕ್ಕೋ ಗೋಜಿಲ್ಲ. ಸಗಟು ಅಂಚೆ ಅಂತ ಇದೆ. ಪರವಾನಗಿ ತಗೊಂಡು ಅದರ ನಂಬರನ್ನ ಕವರಿನ ಮೇಲೇ ಅಚ್ಚು ಹಾಕಿಸಿಬಿಡೋದು. ಅಂಚೆ ನಿಯಮ ಎಲ್ಲಾ ನನ್ನ ಬೆರಳ ತುದೀಲಿದೆ."

ಆ ಬೆರಳ ತುದಿಯಲ್ಲಿ ಶಾಯಿ ಬಿಟ್ಟರೆ ಬೇರೇನೂ ಇರಲಿಲ್ಲವೆಂಬುದು ಯಜಮಾನರಿಗೆ ಹೇಗೆ ಗೊತ್ತಾಗಬೇಕು? ಪರವಾನಗಿ ಬಂತು. ಗುರುವಾರ ಸಂಜೆ ನಾಲ್ಕರವರೆಗೆ ಮಾತ್ರ ಅದಕ್ಕೆ ಜೀವ.

ಕಾಗದದ ಒಕ್ಕಣೆಯೂ ಕರಾರಪ್ಪನದೇ. ಯಜಮಾನರು ಹೇಳಿಕೊಟ್ಟದ್ದು ಎರಡೇ ಸಾಲು: 'ಕಲ್ಲು ಬೇಕಾದರೆ ನಮ್ಮಲ್ಲಿಗೆ ಬನ್ನಿ. ಕರಿದೂ ಉಂಟು, ಬಿಳಿದೂ ಉಂಟು.' ಇದು ಕರಾರಪ್ಪನಿಗೆ ತೀರಾ ಒರಟಾಗಿ ಕಂಡಿತು. ದುಃಖದಲ್ಲಿರುವವರ ಮುಂದೆ ಕಲ್ಲು ಎನ್ನಬಹುದೇ? ಆತ ಬರೆದದ್ದು ಹೀಗೆ:

'ಮಾನ್ಯರೆ, ತಮ್ಮ ಅತ್ಯಂತ ಆತ್ಮೀಯ ಜೀವವೊಂದು ತಮ್ಮನ್ನು ಅಗಲಿ ಒಂದು ವರ್ಷ ತುಂಬುತ್ತಿರುವ ಈ ಗಳಿಗೆಯಲ್ಲಿ ತಮ್ಮೊಡನೆ ನಾವೂ ಕಣ್ಣೀರು ಮಿಡಿಯುತ್ತಿದ್ದೇವೆ. ಹೋದವರು ಮರಳಿ ಬಾರರು. ಆದರೆ ಅವರ ಹೆಸರು ಉಳಿಯಬೇಡವೆ? ತಾವೊಮ್ಮೆ ಬಂದು ನಮ್ಮೊಡನೆ ನಾಲ್ಕು ಮಾತಾಡಿದರೆ ನಮ್ಮ ಎದೆಯ ಭಾರವೂ ಇಳಿದೀತು.'

ಕಲ್ಲಿನ ಸುದ್ದಿ ಎಲ್ಲೂ ಇರಲಿಲ್ಲ. ಕಾರ್ಖಾನೆಯ ಹೆಸರಿಗೆ ಜಾಗ ಸಾಲದೆ ಅಚ್ಚಿನವನು ಅದನ್ನು ಅಡಿಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಕೂರಿಸಿದ್ದ. ಯಜಮಾನರು ಯಾವ ಕಾಗದವನ್ನೇ ಆದರೂ 'ಮಾನ್ಯರೆ' ಎಂಬಲ್ಲಿಯವರೆಗೆ ಓದಿ ಸಹಿ ಹಾಕುವವರು. ಹಾಕಿದರು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಕರಾರಪ್ಪ ಎರಡು ಚೀಲ ಹೊತ್ತು ದೊಡ್ಡ ಅಂಚೆ ಕಚೇರಿಯ ಆರನೆಯ ಕಿಟಕಿಯ ಮುಂದೆ ನಿಂತ. ಒಳಗೆ ಒಬ್ಬಳು ದಪ್ಪ ಕನ್ನಡಕದ ಹೆಂಗಸು, ಒಂದು ತಕ್ಕಡಿ, ಒಂದು ನಿಯಮಾವಳಿ. ಮೂರೂ ಒಂದೇ ದಿನ ನೇಮಕವಾದಂತೆ ಕಾಣುತ್ತಿದ್ದವು.

ಆಕೆ ಮೊದಲನೆಯ ಕಟ್ಟು ಬಿಚ್ಚಿದಳು. "ಇದೇನು ಕ್ರಮ?"

"ಅಕಾರಾದಿ," ಎಂದ ಕರಾರಪ್ಪ ಹೆಮ್ಮೆಯಿಂದ. "ತೀರಿಕೊಂಡವರ ಹೆಸರಿನ ಪ್ರಕಾರ."

"ನಮ್ಮ ಅಂಚೆಯವರು ಬದುಕಿರೋರ ಮನೆಗೆ ಹೋಗ್ತಾರೆ ಸ್ವಾಮಿ. ಬಡಾವಣೆ ಪ್ರಕಾರ ಕಟ್ಟು ಮಾಡಿ. ವಿಳಾಸ ಎಲ್ಲಾ ಒಂದೇ ಕಡೆ ಮುಖ ಮಾಡಿರಬೇಕು. ಮುಂದಿನವರು!"

ಕರಾರಪ್ಪ ಮೂಲೆಯ ಬೆಂಚಿನ ಮೇಲೆ ಅಷ್ಟನ್ನೂ ಹರವಿ, ವಿಂಗಡಿಸಿ, ಮುಕ್ಕಾಲು ಗಂಟೆಯ ಮೇಲೆ ಮತ್ತೆ ಬಂದ. ಆಕೆ ಹತ್ತು ಕವರನ್ನು ಒಂದೊಂದಾಗಿ ತಕ್ಕಡಿಗೆ ಹಾಕಿದಳು. ಒಂಬತ್ತು ಸುಮ್ಮನಿದ್ದವು, ಹತ್ತನೆಯದು ಧಪ್ಪನೆ ಕೂತಿತು.

"ಸಗಟು ಅಂದ್ರೆ ಎಲ್ಲಾ ಒಂದೇ ತೂಕ ಇರಬೇಕು. ಇವರಿಗೇನು ದುಃಖ ಜಾಸ್ತಿಯಾ?"

ಒಡೆದು ನೋಡಿದರೆ ಒಳಗೆ ಎರಡು ಕಾಗದ ಅಂಟಿಕೊಂಡಿದ್ದವು. ಎಲ್ಲ ಕವರನ್ನೂ ಬೆಳಕಿಗೆ ಹಿಡಿದು ನೋಡಿ, ಒಡೆದು, ಅಂಟಿಸಿ ಮುಗಿಸುವಾಗ ಮೂರು ಹೊಡೆದು ಹತ್ತು ನಿಮಿಷ. ಕೊನೆಗೆ ಆಕೆ ಎಣಿಸಲು ಕೂತಳು. ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡು, ತುಟಿ ಅಲ್ಲಾಡಿಸದೆ, ಯಂತ್ರದ ಹಾಗೆ ಎಣಿಸಿದಳು.

"ನಾನೂರ ಅರವತ್ತೆರಡು."

"ಛೆ ಛೆ, ಐನೂರು. ಕರಾರುವಾಕ್ಕಾಗಿ ಐನೂರು."

ಆಕೆ ಮತ್ತೆ ಎಣಿಸಿದಳು. "ಕರಾರುವಾಕ್ಕಾಗಿ ನಾನೂರ ಅರವತ್ತೆರಡು."

"ಮೂವತ್ತೆಂಟು ತಾನೆ ಕಡಿಮೆ? ಸ್ವಲ್ಪ..."

"ಐನೂರಕ್ಕೆ ಒಂದು ಕಡಿಮೆಯಾದ್ರೂ ಅದು ಸಗಟಲ್ಲ, ಚಿಲ್ಲರೆ. ಚಿಲ್ಲರೆಗೆ ಈ ಕವರು ನಡೆಯೋದಿಲ್ಲ, ಸಗಟು ಪರವಾನಗಿ ಅಚ್ಚಾಗಿದೆ. ನಾಲ್ಕಕ್ಕೆ ಕಿಟಕಿ ಮುಚ್ಚುತ್ತೆ."

ಮನುಷ್ಯನಿಗೆ ಬುದ್ಧಿ ಕೆಡುವುದು ಇಂಥ ಹೊತ್ತಿನಲ್ಲೇ. ಅಚ್ಚಿನವನು ಐವತ್ತು ಕಾಗದ, ಐವತ್ತು ಕವರು ಹೆಚ್ಚಿಗೆ ಕೊಟ್ಟಿದ್ದ; ಅವು ಚೀಲದ ತಳದಲ್ಲೇ ಇದ್ದವು. ಬೇಕಾದದ್ದು ಮೂವತ್ತೆಂಟು ವಿಳಾಸ. ಇಂಥ ಕಾಗದ ಯಾರು ಓದುತ್ತಾರೆ, ಬಂದ ದಾರಿಯಲ್ಲೇ ಕಸಕ್ಕೆ ಹೋಗುತ್ತವೆ ಎಂದುಕೊಂಡು ಕರಾರಪ್ಪ ಸರಪಳಿ ಕಟ್ಟಿದ ಸರ್ಕಾರಿ ಪೆನ್ನು ಹಿಡಿದು ಕೂತ.

ಮೊದಲು ತನ್ನ ಬೀದಿ. ಹನ್ನೆರಡು ಮನೆಯಲ್ಲಿ ತನ್ನದೊಂದು ಬಿಟ್ಟು ಹನ್ನೊಂದು. ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ಅಕ್ಕನ ಮನೆ, ಹೀಗೆ ಒಂಬತ್ತು. ಹಲ್ಲಿನ ಡಾಕ್ಟರು. ಕನ್ನಡಕದ ಅಂಗಡಿ. ಕ್ಷೌರದವನು. ಓದು ಕಲಿಸಿದ ಮೇಷ್ಟ್ರು, ಬದುಕಿದ್ದರೆ. ಹಿಂದೆ ಬಾಡಿಗೆಗಿದ್ದ ಮನೆಗಳ ಮಾಲೀಕರು ನಾಲ್ವರು. ಅವರಲ್ಲಿ ಮೂವರು ಆತನನ್ನು ಜಗಳವಾಡಿ ಬಿಡಿಸಿದವರು, ಆದರೂ ವಿಳಾಸ ವಿಳಾಸವೇ. ಇಪ್ಪತ್ತೆಂಟಕ್ಕೆ ಪೆನ್ನು ನಿಂತಿತು. ಹಣೆ ಉಜ್ಜಿಕೊಂಡು, ಛಾವಣಿ ನೋಡಿ, ಮರೆತ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಎಳೆದು ತಂದು ಮೂವತ್ತೇಳು ಮಾಡಿದ. ಐವತ್ತೊಂದು ವರ್ಷ ಬಾಳಿದ ಮನುಷ್ಯನ ಹತ್ತಿರ ಇದ್ದದ್ದು ಮೂವತ್ತೇಳು ವಿಳಾಸ. ಇನ್ನೊಂದು ಬೇಕು, ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ.

ಹದಿನೆಂಟು ವರ್ಷ ಹೆಂಡತಿ ತವರಿಗೆ ಬರೆದ ಕಾಗದಗಳಿಗೆಲ್ಲ ವಿಳಾಸ ಬರೆದದ್ದು ಈತನೇ. ತನ್ನ ಅಕ್ಷರ ಸೊಟ್ಟ, ಅಂಚೆಯವನಿಗೆ ತಿಳಿಯುವುದಿಲ್ಲ ಎಂದು ಆಕೆ ಕವರನ್ನು ಈತನ ಮುಂದಿಡುತ್ತಿದ್ದಳು. ಆ ವಿಳಾಸ ತಲೆಯಲ್ಲಿರಲಿಲ್ಲ, ಕೈಯಲ್ಲಿತ್ತು. ಕೈ ತನ್ನ ಪಾಡಿಗೆ ಬರೆದು ಮುಗಿಸಿತು. ನೋಡಿದರೆ ಭಾವನ ಮನೆ. ಹರಿದು ಹಾಕಲೆಂದು ಎತ್ತಿಕೊಂಡ.

"ಆಯ್ತಾ? ಮುಚ್ಚೋ ಹೊತ್ತಾಯ್ತು!" ಎಂದು ಕಿಟಕಿಯ ಹೆಂಗಸು ಕೂಗಿದಳು.

ಕರಾರಪ್ಪ ಓಡಿಹೋಗಿ ಅಷ್ಟನ್ನೂ ಒಳಗೆ ತಳ್ಳಿದ. ಆಕೆ ಎಣಿಸಿದಳು, ತೂಗಿದಳು, ಮುದ್ರೆ ಒತ್ತಿದಳು.

"ಅದರಲ್ಲಿ ಒಂದೇ ಒಂದು ವಾಪಸ್ ಬೇಕಾದ್ರೆ..."

"ಮುದ್ರೆ ಬಿದ್ದ ಮೇಲೆ ಯಾರಪ್ಪ ಬಂದ್ರೂ ಈಚೆ ಬರಲ್ಲ," ಎಂದು ಆಕೆ ಕಿಟಕಿ ಎಳೆದುಕೊಂಡಳು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಅಂಚೆಯವನು ಬೀದಿಗೆ ಕಾಲಿಟ್ಟ. ಒಂಬತ್ತಕ್ಕೆ ಮೂರನೆಯ ಮನೆಯ ದರ್ಜಿ ಕತ್ತರಿ ಕೆಳಗಿಟ್ಟು, "ಅಯ್ಯೋ ತಮ್ಮಾ!" ಎಂದು ಎದೆ ಹಿಡಿದುಕೊಂಡ. ಅವನ ತಮ್ಮ ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೊಂದು ಕಾಗದ ಬರೆದರೆ ಹೆಚ್ಚು. ಈ ವರ್ಷ ಅದೂ ಬಂದಿರಲಿಲ್ಲ.

ಅಳು ಕೇಳಿ ಐದನೆಯ ಮನೆಯ ಕಂಪೌಂಡರು ಸಮಾಧಾನ ಹೇಳಲು ಓಡಿ ಬಂದ. ಅವನು ಹೇಳುತ್ತಿದ್ದಂತೆಯೇ ಹಿಂದೆಯೇ ಅವನ ಹೆಂಡತಿ ಬಂದಳು, ಕೈಯಲ್ಲಿ ಅಂಥದೇ ಕಾಗದ.

"ರೀ, ಇದನ್ನ ಓದಿ. ನಿಮ್ಮ ಅತ್ಯಂತ ಆತ್ಮೀಯ ಜೀವ ಹೋಗಿ ವರ್ಷ ಆಯ್ತಂತೆ."

"ಯಾವ ಜೀವ?"

"ಅದನ್ನೇ ನಾನೂ ಕೇಳ್ತಿರೋದು. ಆತ್ಮೀಯ ಜೀವ ಅಂದ್ರೆ ನಾನು. ನಾನು ಇಲ್ಲೇ ನಿಂತಿದೀನಿ. ಹಾಗಾದ್ರೆ ಹೋದವಳು ಯಾರು?"

"ನನಗೇನೇ ಗೊತ್ತು?"

"ಗೊತ್ತಿಲ್ದೇನೇ ವರ್ಷದಿಂದ ಮಂಕಾಗಿ ಕೂತಿದ್ರಾ? ಊಟ ಸೇರ್ತಿರಲಿಲ್ಲ, ಮಾತು ಬೇಕಾಗ್ತಿರಲಿಲ್ಲ!"

ಕಂಪೌಂಡರು ವರ್ಷದಿಂದ ಮಂಕಾಗಿದ್ದದ್ದು ನಿಜ. ಕಾರಣ ಒಂದು ದವಡೆ ಹಲ್ಲು. ಔಷಧಿ ಕೊಡುವವನೇ ಹಲ್ಲು ಕೀಳಿಸಲು ಹೆದರುತ್ತಾನೆಂದರೆ ಮಾನ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಈಗ ಬಾಯಿ ತೆರೆದು ಹಲ್ಲು ತೋರಿಸಿದ. ಹೆಂಡತಿ ನಂಬಲಿಲ್ಲ.

ಏಳನೆಯ ಮನೆಯ ಅಜ್ಜಿಗೆ ತೊಂಬತ್ತರ ಹತ್ತಿರ. ಕಾಗದವನ್ನು ಸೊಸೆಯಿಂದ ಗಟ್ಟಿಯಾಗಿ ಎರಡು ಸಲ ಓದಿಸಿಕೊಂಡು, "ನನ್ನ ಆತ್ಮೀಯರೆಲ್ಲ ಹೋಗಿ ಮೂವತ್ತು ವರ್ಷ ಆಯ್ತು. ಇವರಿಗೆ ಈಗ ಗೊತ್ತಾಯ್ತಾ?" ಎಂದಳು. ಕಾಗದದ ಮೇಲೆ ಕೈಯಾಡಿಸಿ, "ಇರಲಿ, ನನ್ನ ಜೊತೆ ಕಣ್ಣೀರು ಹಾಕ್ತಾರಂತೆ. ನನ್ನ ಮಗ ಒಂದು ದಿನ ಹಾಕಲಿಲ್ಲ. ಯಾರಂತೆ ಇವರು? ಚಹಾಕ್ಕೆ ಕರೀರಿ," ಎಂದಳು. ಗಂಡನ ಮೇಲಿನ ಈ ದೂರು ಕೇಳಿ ಸೊಸೆ ಕಾಗದವನ್ನು ಅಜ್ಜಿಯ ಮಡಿಲಿಗೆ ಹಾಕಿ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ಹತ್ತು ಗಂಟೆಗೆ ಬೀದಿಯ ಹನ್ನೊಂದು ಮನೆಯವರೂ ಹನ್ನೊಂದು ಕಾಗದ ಹಿಡಿದು ದರ್ಜಿಯ ಅಂಗಡಿಯ ಮುಂದೆ ನಿಂತಿದ್ದರು. ಹಿಂದೆ ಕಾವಲುಗಾರನಾಗಿದ್ದ ಒಂದನೆಯ ಮನೆಯವನು ಕಾಗದವನ್ನು ತಲೆಕೆಳಗಾಗಿಯೂ ನೋಡಿ, ಇದು ಸರ್ಕಾರದ್ದೇ ಎಂದು ತೀರ್ಮಾನ ಕೊಟ್ಟ. "'ವರ್ಷ ತುಂಬುತ್ತಿರುವ' ಅಂದಿದ್ದಾರೆ. ತುಂಬಿದೆ ಅಂದಿಲ್ಲ. ಅಂದ್ರೆ ಮುಂದೆ ಆಗೋದನ್ನ ಮೊದಲೇ ತಿಳಿಸ್ತಿದಾರೆ. ಮನೆಗೊಬ್ಬರು." ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹನ್ನೊಂದನೆಯ ಮನೆಯ ಅತ್ತೆ ಸೊಸೆಯನ್ನೂ, ಸೊಸೆ ಅತ್ತೆಯನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಅಷ್ಟರಲ್ಲಿ ದರ್ಜಿ ಕಣ್ಣೊರೆಸಿಕೊಂಡು ಕವರನ್ನು ದಿಟ್ಟಿಸಿದ. "ಈ 'ಳ'ಕಾರ ನಾನು ನೋಡಿದೀನಿ. ಬಾಲ ನೋಡಿ, ಬೆಕ್ಕಿನ ಬಾಲದ ಹಾಗೆ ಮೇಲೆತ್ತಿದೆ. ಹೋದ ವರ್ಷ ನಲ್ಲಿಗೆ ಅರ್ಜಿ ಬರೆದುಕೊಟ್ಟವರು ಯಾರು?"

ಕರಾರಪ್ಪ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಬಾಗಿಲು ತೆರೆದಾಗ ಎದುರಿಗೆ ಇಡೀ ಬೀದಿ. ಆತ ಹೇಳಿದ, ಆದಷ್ಟು ಕರಾರುವಾಕ್ಕಾಗಿಯೇ ಹೇಳಿದ. ಸಗಟು ಎಂದರೇನು, ಚಿಲ್ಲರೆ ಎಂದರೇನು, ಐನೂರಕ್ಕೆ ಒಂದು ಕಡಿಮೆಯಾದರೆ ಏನಾಗುತ್ತದೆ ಎಂಬುದೆಲ್ಲವನ್ನೂ ಸೋಪು ಒಣಗುವವರೆಗೆ ವಿವರಿಸಿದ. ಕೇಳಿ ಮುಗಿದ ಮೇಲೆ ಬೀದಿಗೆ ದುಃಖ ಹೋಗಿ ಅವಮಾನ ಬಂತು. ಸಾವಿನ ಸುದ್ದಿಯನ್ನಾದರೂ ಜನ ಕ್ಷಮಿಸುತ್ತಾರೆ.

"ಅಂದ್ರೆ ನಾವು ಲೆಕ್ಕ ತುಂಬಿಸೋಕೆ!" ಎಂದ ದರ್ಜಿ. "ನನ್ನ ತಮ್ಮನಿಗೋಸ್ಕರ ನಾನು ಒಂದು ಗಂಟೆ ಅತ್ತಿದೀನಿ ಸ್ವಾಮಿ. ಅದನ್ನ ಯಾರು ವಾಪಸ್ ಕೊಡ್ತಾರೆ?"

"ಮತ್ತೆ ನಮ್ಮ ಹಲ್ಲು?" ಎಂದ ಕಂಪೌಂಡರು, ಇನ್ನೇನೂ ತೋಚದೆ.

"ಕಲ್ಲಿನ ಕಾರ್ಖಾನೇನಾ?" ಎಂದು ಅಜ್ಜಿ ಹಿಂದಿನಿಂದ ಕೂಗಿದಳು. "ಶಿಲ್ಪಕಲಾ ಸಂಸ್ಥೆ ಅಂತಿದ್ದೆಯಲ್ಲೋ ನನ್ನ ಹತ್ರ!"

ಎಲ್ಲರೂ ಹೋದರು. ಬಾಗಿಲು ಹಾಕಿದ ಮೇಲೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಾ ಕೇಳಿದಳು: "ಮೂವತ್ತೆಂಟು ಅಂದ್ರಲ್ಲ, ಬೀದಿಯವರು ಹನ್ನೊಂದು. ಮಿಕ್ಕಿದ್ದು ಯಾರ್ಯಾರಿಗೆ?"

ಆತ ಹೇಳುತ್ತಾ ಹೋದ. ಆಕೆ ಮಡಿಸಿದ ಒಂದೊಂದು ಬಟ್ಟೆಗೂ ಒಂದೊಂದು ಹೆಸರು ಎಣಿಸಿದಳು.

"ಮೂವತ್ತೇಳಾಯ್ತು."

"ಒಂದು ಕವರು ಹರಿದುಹೋಯ್ತು," ಎಂದ ಕರಾರಪ್ಪ.

ಆಕೆ ಆತನ ಮುಖ ನೋಡಿದಳು. ಕೈಯಲ್ಲಿದ್ದ ಟವಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಸೋಮವಾರ ಯಜಮಾನರು ಕರೆಸಿದರು. ಮೇಜಿನ ಮೇಲೆ ಅಂಚೆ ಅಧೀಕ್ಷಕರ ಕಾಗದ: ಸಾರ್ವಜನಿಕರಲ್ಲಿ ಗಾಬರಿ ಹುಟ್ಟಿಸಿದ್ದಕ್ಕಾಗಿ ಸಗಟು ಪರವಾನಗಿ ರದ್ದಾಗಿದೆ. ಹಲ್ಲಿನ ಡಾಕ್ಟರೇ ಖುದ್ದಾಗಿ ಹೋಗಿ ದೂರು ಕೊಟ್ಟಿದ್ದರಂತೆ. ಅವರಿಗೆ ಬಂದ ಕಾಗದವನ್ನು ಕಾಯುವ ಕೋಣೆಯಲ್ಲಿದ್ದ ರೋಗಿಯೊಬ್ಬ ಓದಿಬಿಟ್ಟದ್ದರಿಂದ ಅವತ್ತು ಕುರ್ಚಿಯ ಮೇಲೆ ಕೂರಲು ಯಾರೂ ಒಪ್ಪಿರಲಿಲ್ಲ.

"ಅದು ಹೋಗಲಿ," ಎಂದರು ಯಜಮಾನರು. ದನಿ ಮೆತ್ತಗಿತ್ತು, ಅದೇ ಕೆಟ್ಟ ಲಕ್ಷಣ. "ಶನಿವಾರದಿಂದ ಇಪ್ಪತ್ತು ಜನ ಬಂದು ಹೋದ್ರು. ನಿಜವಾಗಿ ಮನೇಲಿ ಸಾವಾದವರು. ಬಂದ್ರು, ಕೂತ್ರು, ಅವರ ಕಥೆ ಹೇಳಿದ್ರು, ಅತ್ತರು, ನೀರು ಕುಡಿದು ಕೈಮುಗಿದು ಹೋದ್ರು. ಒಬ್ಬ ಮುದುಕ ಅಂತೂ ಮೂರು ಗಂಟೆ ಕೂತಿದ್ದ. 'ಒಂದು ವರ್ಷದಿಂದ ಯಾರೂ ನನ್ನ ಮಾತಾಡಿಸಿರಲಿಲ್ಲ' ಅಂದ. ಕಲ್ಲು ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಬಿಡೋಕೆ ಹೋದ್ರೆ ನನಗೇ ನಾಚಿಕೆ ಆಯ್ತು."

"ಒಕ್ಕಣೆ ಮನಸ್ಸಿಗೆ ತಟ್ಟಿದೆ ಅಂತಾಯ್ತು," ಎಂದ ಕರಾರಪ್ಪ.

ಕೆಲವು ಮಾತುಗಳನ್ನು ಆಡದೇ ಇದ್ದರೆ ಮನುಷ್ಯನ ಆಯುಷ್ಯ ಹೆಚ್ಚುತ್ತದೆ. ಯಜಮಾನರು ಕನ್ನಡಕ ತೆಗೆದಿಟ್ಟರು. "ನಾನಾಗಿ ಕರೆಯೋವರೆಗೂ ಬರಬೇಡಿ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಹೇಳಿಸಿಕೊಂಡು ಹೋದವರು ಮೂವರು. ಆ ಮೂವರನ್ನೂ ಯಜಮಾನರು ಇನ್ನೂ ಕರೆದಿರಲಿಲ್ಲ.

ಹೀಗಾಗಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕರಾರಪ್ಪ ಮನೆಯಲ್ಲೇ ಇದ್ದ. ಕೆಲಸ ಹೋದ ಗಂಡಸಿಗೆ ಮನೆಯೊಳಗೆ ಎಲ್ಲಿ ಕೂತರೂ ಅಡ್ಡ. ಹೆಂಡತಿ ಗುಡಿಸುವಾಗ ಕಾಲೆತ್ತುತ್ತಾ, ಒರೆಸುವಾಗ ಕುರ್ಚಿಯನ್ನೇ ಎತ್ತುತ್ತಾ ಎರಡು ಕೋಣೆಯಲ್ಲಿ ಆರು ಕಡೆ ಕೂತು ಎದ್ದಿದ್ದ. ಆಕೆ ಬಟ್ಟೆ ಹರವಲು ಹಿತ್ತಲಿಗೆ ಹೋದಳು. ಆಗ ಯಾರೋ ಬಾಗಿಲು ಬಡಿದರು. ಬಡಿದರು ಎನ್ನುವುದಕ್ಕಿಂತ ಬಾಗಿಲಿನ ಮೇಲೆ ಬಿದ್ದರು ಎನ್ನಬೇಕು.

ತೆರೆದರೆ ಭಾವ. ಮೂರು ವರ್ಷದಲ್ಲಿ ತಲೆ ಪೂರಾ ಬೆಳ್ಳಗಾಗಿತ್ತು. ಮೈ ಅರ್ಧಕ್ಕೆ ಇಳಿದಿತ್ತು. ಒಂದು ಕಾಲಿಗೆ ಕರಿ ಚಪ್ಪಲಿ, ಇನ್ನೊಂದಕ್ಕೆ ಕಂದು ಚಪ್ಪಲಿ. ಕೈಯಲ್ಲಿ ಬೆವರಿಗೆ ಮೆತ್ತಗಾದ ಕವರು.

"ಒಂದು ವರ್ಷ!" ಎಂದು ಅವನು ಕರಾರಪ್ಪನ ಅಂಗಿಯ ಕೊರಳು ಹಿಡಿದ. "ವಿಳಾಸ ನಿನ್ನದೇ ಅಕ್ಷರ! ಒಂದು ವರ್ಷ ಆದ್ಮೇಲೆ ತಿಳಿಸ್ತೀಯಾ? ಅದೂ ಅಚ್ಚು ಹಾಕಿಸಿ! ನನ್ನ ತಂಗಿ ಹೋದ ಸುದ್ದೀನ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ ಹಾಗೆ ನನಗೂ ಒಂದು ಹಾಕಿದ್ಯಾ?"

"ಕರಾರುವಾಕ್ಕಾಗಿ ಹೇಳಬೇಕೂಂದ್ರೆ ಭಾವ..."

"ಮಾತಾಡಬೇಡ! ಜಗಳ ನಂದು ನಿಂದು. ಅವಳು ಉಸಿರು ಬಿಡೋವಾಗಲಾದ್ರೂ ಒಂದು ಮಾತು ಹೇಳಿ ಕಳಿಸೋಕೆ ಆಗಲಿಲ್ವಾ? ಕಲ್ಲು ಹಾಕಿಸಿದ್ದೀಯೇನೋ? ಅವಳ ವಯಸ್ಸು ಎಷ್ಟು ಕೆತ್ತಿಸಿದ್ದೀಯಾ, ಹೇಳು! ಅವಳದ್ದು ಎಷ್ಟು ವರ್ಷ ನುಂಗಿದೆ?"

ಮೂರು ದಿನದಿಂದ ಮುಖ ತಿರುಗಿಸಿಕೊಂಡಿದ್ದ ಬೀದಿ ಒಂದೇ ನಿಮಿಷದಲ್ಲಿ ಬಾಗಿಲಿಗೆ ಬಂತು. ದರ್ಜಿ ಅಳತೆ ಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಬಂದ. ಕೊರಳು ಬಿಗಿದ ಕರಾರಪ್ಪನ ಬಾಯಿಂದ ಹೊರಟದ್ದು ಒಂದೇ ಶಬ್ದ.

"ಹಿತ್ತಲಲ್ಲಿ..."

ಭಾವನ ಕೈ ಸಡಿಲವಾಯಿತು. "ಹಿತ್ತಲಲ್ಲಾ?" ಎಂದ ಮೆಲ್ಲಗೆ. "ನನ್ನ ತಂಗೀನ ಹಿತ್ತಲಲ್ಲಿ ಮಣ್ಣು ಮಾಡಿದ್ಯಾ?"

ಕಾವಲುಗಾರ "ಪೊಲೀಸು, ಪೊಲೀಸು," ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹೆಂಡತಿ ಖಾಲಿ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಒಳಗೆ ಬಂದಳು. ಹಲ್ಲಿನ ನಡುವೆ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದಳು. ಅಣ್ಣನನ್ನು ನೋಡಿ ನಿಂತಳು. ಕ್ಲಿಪ್ಪುಗಳು ಒಂದಾದ ಮೇಲೊಂದು ನೆಲಕ್ಕೆ ಬಿದ್ದವು.

ಭಾವ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟ. ಕವರು ಕೈಯಿಂದ ಜಾರಿತು. ಹೆಂಡತಿ ಬಗ್ಗಿ ಆ ಕವರನ್ನು ಎತ್ತಿಕೊಂಡು ವಿಳಾಸ ನೋಡಿದಳು. ಗಂಡನ ಕಡೆ ನೋಡಲಿಲ್ಲ, ನೋಡಬೇಕಾದ್ದೂ ಇರಲಿಲ್ಲ.

"ಅಣ್ಣ, ಇಷ್ಟು ಬಡವಾಗಿದ್ಯಲ್ಲ," ಎಂದಳು.

"ಬದುಕಿದ್ದೀಯಾ?"

"ಇದೀನಿ."

"ಬದುಕಿದ್ದೂ ಮೂರು ವರ್ಷ ಒಂದು ಕಾಗದ ಹಾಕಲಿಲ್ಲ!" ಎಂದು ಭಾವ ಮತ್ತೆ ಸಿಡಿದ. ಸಿಡಿದವನು ಅಲ್ಲೇ ಮುಖ ಮುಚ್ಚಿಕೊಂಡ. ಬೆರಳುಗಳ ನಡುವಿನಿಂದ ಮಾತು ಬಂತು: "ಹನ್ನೊಂದು ಗಂಟೆ ಹೊತ್ತು ಬಸ್ಸಲ್ಲಿ ನಿನ್ನ ಜೊತೆ ಮಾತಾಡ್ಕೊಂಡು ಬಂದೆ ಕಣೇ. ಜೋರಾಗಿ. ಪಕ್ಕದಲ್ಲಿ ಕೂತೋನು ಹೆದರಿ ಬೇರೆ ಸೀಟಿಗೆ ಹೋದ. ಹೇಳಬೇಕಾದ್ದೆಲ್ಲ ಹೇಳಿಬಿಟ್ಟಿದ್ದೆ."

"ಈಗ ಹೇಳು."

"ಈಗ ಹೇಗೆ ಹೇಳಲಿ? ಸತ್ತಿದ್ದೀಯ ಅಂತ ಹೇಳಿದ್ದು. ಕಣ್ಣು ಬಿಟ್ಕೊಂಡು ಎದುರಿಗೆ ನಿಂತಿದ್ದೀಯ. ನಾಲಿಗೆ ಏಳಲ್ಲ."

ಹೆಂಡತಿ ಸ್ವಲ್ಪ ಯೋಚಿಸಿದಳು. ಗಂಡ ಕೂತು ಎದ್ದಿದ್ದ ಕುರ್ಚಿಯನ್ನು ಎಳೆದು ಗೋಡೆಯ ಕಡೆ ತಿರುಗಿಸಿದಳು. ಅಣ್ಣನಿಗೆ ಬೆನ್ನು ಹಾಕಿ ಕೂತು, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡಳು.

"ನಾನು ತಿರುಗಿ ನೋಡಲ್ಲ. ಇಲ್ಲ ಅಂದ್ಕೊಂಡೇ ಹೇಳು."

ಭಾವ ಆ ಬೆನ್ನನ್ನು ನೋಡಿದ. ಮೂಗು ಒರೆಸಿಕೊಂಡ. "ಹೋದ ವರ್ಷ ನನಗೆ ಆಪರೇಷನ್ ಆಯ್ತು," ಎಂದ. "ಹೊಟ್ಟೇದು. ನಿನಗೆ ತಿಳಿಸಬಾರದು ಅಂತ ಎಲ್ಲರಿಗೂ ಆಣೆ ಹಾಕಿದ್ದೆ. ಒಳಗೆ ಕರ್ಕೊಂಡು ಹೋಗೋವಾಗ ಮಾತ್ರ ಬಾಗಿಲ ಕಡೆ ನೋಡ್ತಾನೇ ಇದ್ದೆ. ಹೇಗೋ ತಿಳಿದು ಬರ್ತೀಯ ಅಂತ."

ಕುರ್ಚಿಯಲ್ಲಿ ಹೆಂಡತಿಯ ಭುಜ ಅಲ್ಲಾಡಿತು. ಆದರೆ ಆಕೆ ತಿರುಗಲಿಲ್ಲ.

ಕರಾರಪ್ಪ ಬಾಯಿ ತೆರೆದ. ಏನೋ ಸೇರಿಸಬೇಕೆಂದು ಹೊರಟಿದ್ದ. ದರ್ಜಿ ಅವನ ತೋಳು ಹಿಡಿದು ಹೊರಗೆ ಎಳೆದು, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ತಂದ.

ಮೆಟ್ಟಿಲ ಮೇಲೆ ಆಗಲೇ ಅರ್ಧ ಬೀದಿ ಕೂತಿತ್ತು. ಕೆಲಸ ಹೋದವನು, ಬೀದಿಯೆಲ್ಲ ಅಳುವಂತೆ ಮಾಡಿದವನು, ಹೆಂಡತಿಗೆ ಸುಳ್ಳು ಹೇಳಿದವನು, ಹೀಗೆ ಮೂರು ಅಪರಾಧ ಹೊತ್ತು ಕರಾರಪ್ಪ ನಿಂತೇ ಇದ್ದ. ಕಂಪೌಂಡರು ಕೆನ್ನೆ ಒತ್ತಿ ಹಿಡಿದುಕೊಂಡು ಒಂದು ಗೇಣು ಪಕ್ಕಕ್ಕೆ ಸರಿದ. ಕರಾರಪ್ಪ ಆ ಜಾಗದಲ್ಲಿ ಕೂತ.

"ಏನಂತೆ? ಏನು ಹೇಳ್ತಿದಾನೆ?" ಎಂದು ಅಜ್ಜಿ ಎದುರು ಮನೆಯ ಜಗುಲಿಯಿಂದ ಕೂಗಿದಳು. ಎಲ್ಲರೂ ತುಟಿಯ ಮೇಲೆ ಬೆರಳಿಟ್ಟರು.

ಒಳಗೆ ಭಾವನ ದನಿ ತಗ್ಗಿ, ಏರಿ, ಮತ್ತೆ ತಗ್ಗುತ್ತಾ ಸಾಗಿತ್ತು. ಮಾತು ಹೊರಗೆ ಕೇಳಿಸುತ್ತಿರಲಿಲ್ಲ. ಅದು ಎಲ್ಲಾದರೂ ನಿಂತಾಗ ಮಾತ್ರ, ಗೋಡೆಗೆ ಮುಖ ಮಾಡಿದ ಹೆಂಗಸಿನ ದನಿ ಬಾಗಿಲ ಸಂದಿನಿಂದ ಸ್ಪಷ್ಟವಾಗಿ ಕೇಳಿಸುತ್ತಿತ್ತು:

"ಆಮೇಲೆ?"